ಒಂದು ಹಲ್ಲಿನ ಲೆಕ್ಕ: ಕ್ಯಾಮ್‌ಶಾಫ್ಟ್ ಮತ್ತು ಟೈಮಿಂಗ್ ಚೈನ್ ಕೂರಿಸುವ ಕೆಲಸ

ಎನರ್ಜಿ ಲ್ಯಾಬಿನ ರೆಕಾರ್ಡ್ ಪುಸ್ತಕದಲ್ಲಿ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಅಂತ ಒಂದು ಚಿತ್ರ ಇರುತ್ತದೆ. ಎರಡು ಸುತ್ತಿನ ಸುರುಳಿ, ಅದರ ಮೇಲೆ ನಾಲ್ಕು ಗೆರೆ: ಇನ್‌ಲೆಟ್ ತೆರೆಯುವುದು, ಮುಚ್ಚುವುದು, ಎಕ್ಸಾಸ್ಟ್ ತೆರೆಯುವುದು, ಮುಚ್ಚುವುದು. ಸೀನಿಯರ್ಸ್ ರೆಕಾರ್ಡ್ ನೋಡಿ ಇಳಿಸಿಕೊಂಡರೆ ಐದು ನಿಮಿಷದ ಕೆಲಸ. ಆದರೆ ನಿಜವಾದ ಎಂಜಿನ್‌ನಲ್ಲಿ ಆ ನಾಲ್ಕು ಗೆರೆಗಳನ್ನು ಎಳೆಯೋದು ಪೆನ್ಸಿಲ್ ಅಲ್ಲ, ಕ್ಯಾಮ್‌ಶಾಫ್ಟ್ ಮತ್ತು ಅದನ್ನು ಕ್ರ್ಯಾಂಕಿಗೆ ಕಟ್ಟಿಹಾಕಿರುವ ಒಂದು ಚೈನು. ಚೈನನ್ನು ಒಂದು ಹಲ್ಲು ಆಚೆ ಕೂರಿಸಿದರೆ ನಾಲ್ಕೂ ಗೆರೆಗಳು ಒಟ್ಟಿಗೆ ಜಾರುತ್ತವೆ. ಪುಸ್ತಕದಲ್ಲಿ ರಬ್ಬರ್ ಹಾಕಿ ಅಳಿಸಬಹುದು, ಎಂಜಿನ್‌ನಲ್ಲಿ ಅಳಿಸೋಕೆ ಹೆಡ್ ಬಿಚ್ಚಬೇಕು.

ಈ ಸೆಮಿಸ್ಟರ್ ನಾವು ಕೆಲವರು ಸೇರಿ ವರ್ಕ್‌ಶಾಪಿನ ಮೂಲೆಯಲ್ಲಿದ್ದ ಒಂದು ಮಾರುತಿ ಕೆ-ಸೀರೀಸ್ ಎಂಜಿನ್ ಬಿಚ್ಚಿ ಜೋಡಿಸಿದೆವು. 1197 ಸಿಸಿ, ನಾಲ್ಕು ಸಿಲಿಂಡರ್, ಬೋರ್ 73 ಮಿ.ಮೀ., ಸ್ಟ್ರೋಕ್ 71.5 ಮಿ.ಮೀ. ಹೆಡ್ ಮೇಲೆ ಎರಡು ಕ್ಯಾಮ್‌ಶಾಫ್ಟ್, 16 ವಾಲ್ವ್. ಸ್ವಿಫ್ಟ್, ರಿಟ್ಜ್‌ಗಳಲ್ಲಿ ಬಂದದ್ದು ಇದೇ ಕುಟುಂಬ, ಹಾಗಾಗಿ ನಮ್ಮಲ್ಲಿ ಅರ್ಧ ಜನರ ಮನೆ ಮುಂದೆ ಇದರ ಅಣ್ಣನೋ ತಮ್ಮನೋ ನಿಂತಿರುತ್ತದೆ. ಬ್ಲಾಕ್, ಪಿಸ್ಟನ್, ರಿಂಗು, ಬೇರಿಂಗು ಇವುಗಳ ಬಗ್ಗೆ ಈಗ ಬರೆಯಲ್ಲ. ಹೆಡ್ ಕೂತಮೇಲೆ ಉಳಿಯುವ ಕೆಲಸ, ಅಂದರೆ ಕ್ಯಾಮ್ ಇಡೋದು ಮತ್ತು ಚೈನ್ ಹಾಕೋದು, ಇಷ್ಟೇ ಈ ಲೇಖನ. ಇದು ಕಷ್ಟದ ಕೆಲಸ ಅನ್ನೋದಕ್ಕಿಂತ, ಸುಲಭ ಅನ್ನಿಸಿ ಕೈ ಕೊಡುವ ಕೆಲಸ.

ಈ ಎಂಜಿನ್ ವರ್ಕ್‌ಶಾಪಿಗೆ ಯಾಕೆ ಬಂತು ಅನ್ನೋದು ಹೆಡ್ ಎತ್ತಿದಾಗ ಗೊತ್ತಾಯಿತು. ಪಿಸ್ಟನ್‌ಗಳ ತಲೆಯ ಮೇಲೆ ಸಣ್ಣ ಸಣ್ಣ ಅರ್ಧಚಂದ್ರದ ಗುರುತುಗಳು. ವಾಲ್ವಿನ ಅಂಚು ಬಡಿದ ಜಾಗ ಅದು. ಹೆಡ್ ತಿರುಗಿಸಿ ಇಟ್ಟು, ಪೋರ್ಟಿನೊಳಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ನೋಡಿದರೆ ಹಲವು ವಾಲ್ವುಗಳ ಸುತ್ತ ತೊಟ್ಟಿಕ್ಕುತ್ತಿತ್ತು. ವಾಲ್ವು ಬೆಂಡ್. ಹಿಂದೆ ಯಾರೋ ಎಲ್ಲೋ ಚೈನು ಹಾಕಿ, ಕವರ್ ಮುಚ್ಚಿ, ನೇರವಾಗಿ ಸೆಲ್ಫ್ ಹೊಡೆದಿದ್ದಾರೆ ಅಂತ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಗುರುತು ನೋಡಿಯೇ ಹೇಳಿದರು. ಇಂಥ ಎಂಜಿನ್‌ಗಳಿಗೆ ಇಂಟರ್‌ಫಿಯರೆನ್ಸ್ ಎಂಜಿನ್ ಅನ್ನುತ್ತಾರೆ: ಪೂರ್ತಿ ತೆರೆದ ವಾಲ್ವು ಇಳಿಯುವ ಜಾಗ, ಮೇಲೆ ಬಂದ ಪಿಸ್ಟನ್ ನಿಲ್ಲುವ ಜಾಗ, ಎರಡೂ ಒಂದೇ. ಎರಡೂ ಒಂದೇ ಹೊತ್ತಿಗೆ ಅಲ್ಲಿಗೆ ಬರದ ಹಾಗೆ ನೋಡಿಕೊಳ್ಳೋದು ಚೈನು. ಮನೆಯಲ್ಲಿ ಒಂದೇ ಬಾತ್‌ರೂಮ್ ಇದ್ದಾಗ ಟೈಮ್‌ಟೇಬಲ್ ಹಾಕಿಕೊಂಡ ಹಾಗೆ.

ಮೊದಲು ಲೆಕ್ಕ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಪೂರ್ತಿ ಸೈಕಲ್‌ಗೆ ಕ್ರ್ಯಾಂಕ್ ಎರಡು ಸುತ್ತು ಸುತ್ತಬೇಕು, ಪ್ರತಿ ವಾಲ್ವು ಒಂದೇ ಸಲ ತೆರೆಯಬೇಕು. ಅದಕ್ಕೇ ಕ್ಯಾಮ್ ಸ್ಪ್ರಾಕೆಟ್ಟಿನಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಎರಡರಷ್ಟು ಹಲ್ಲು. ಕ್ರ್ಯಾಂಕಿಗೆ 18, ಕ್ಯಾಮಿಗೆ 36 ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ಅಂದರೆ ಕ್ಯಾಮಿನಲ್ಲಿ 10 ಡಿಗ್ರಿ, ಕ್ರ್ಯಾಂಕಿನಲ್ಲಿ 20 ಡಿಗ್ರಿ. ಟಿಡಿಸಿ ಹತ್ತಿರ ಇಪ್ಪತ್ತು ಡಿಗ್ರಿ ಅಂದರೆ ದೊಡ್ಡ ಮಾತು. ಎಕ್ಸಾಸ್ಟ್ ಇನ್ನೂ ಮುಚ್ಚುತ್ತಿದೆ, ಇನ್‌ಲೆಟ್ ಆಗಲೇ ಬಾಯಿ ತೆರೆಯುತ್ತಿದೆ, ಪಿಸ್ಟನ್ ಮೇಲಕ್ಕೆ ಬಂದು ಮೂಗಿನ ಹತ್ತಿರ ನಿಂತಿದೆ. ಆ ಓವರ್‌ಲ್ಯಾಪ್ ಗಳಿಗೆಯಲ್ಲಿ ಜಾಗವೇ ಇಲ್ಲ. 3000 ಆರ್‌ಪಿಎಮ್‌ನಲ್ಲಿ ಪ್ರತಿ ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ, ಅಂದರೆ ಈ ಗಳಿಗೆಯೂ ಸೆಕೆಂಡಿಗೆ 25 ಸಲ ಬರುತ್ತದೆ.

ಒಂದು ಹಲ್ಲು ತಪ್ಪಿದ ತಕ್ಷಣ ಎಲ್ಲಾ ಎಂಜಿನ್ನೂ ಒಡೆದುಹೋಗುತ್ತೆ ಅಂತೇನಿಲ್ಲ. ಎಷ್ಟೋ ಎಂಜಿನ್‌ಗಳು ಸ್ಟಾರ್ಟ್ ಆಗುತ್ತವೆ, ಐಡಲಿಂಗ್‌ನಲ್ಲಿ ನಡುಗುತ್ತವೆ, ಪಿಕಪ್ ಇರಲ್ಲ, ಪೆಟ್ರೋಲ್ ಕುಡಿಯುತ್ತವೆ, ಚೆಕ್ ಎಂಜಿನ್ ದೀಪ ಹಾಕಿಕೊಂಡು ಓಡುತ್ತವೆ. ಎರಡು ಮೂರು ಹಲ್ಲು ಆದಾಗ ಲೋಹಕ್ಕೆ ಲೋಹ ತಗಲುತ್ತದೆ. ನಮಗೆ ಅನ್ನಿಸೋ ಪ್ರಕಾರ ಮೊದಲನೇದೇ ಹೆಚ್ಚು ಮೋಸ. ಒಡೆದರೆ ಕಾರಣ ಹುಡುಕುತ್ತೇವೆ. ನಡುಗುತ್ತಾ ಓಡಿದರೆ ಪ್ಲಗ್ ಬದಲಾಯಿಸು, ಇಂಜೆಕ್ಟರ್ ಕ್ಲೀನ್ ಮಾಡು, ಸೆನ್ಸಾರ್ ಹಾಕು ಅಂತ ದುಡ್ಡು ಹೋಗ್ತಾ ಇರುತ್ತದೆ.

ಹಳೆಯ ಕಾರುಗಳಲ್ಲಿ ಇಷ್ಟು ತಲೆನೋವು ಇರಲಿಲ್ಲ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯಲ್ಲಿ ಕ್ಯಾಮ್‌ಶಾಫ್ಟ್ ಇದ್ದದ್ದು ಬ್ಲಾಕಿನೊಳಗೆ, ಕ್ರ್ಯಾಂಕಿನ ಪಕ್ಕದಲ್ಲೇ. ಅಲ್ಲಿಂದ ಪುಶ್ ರಾಡ್, ರಾಕರ್ ಮೂಲಕ ವಾಲ್ವು ಒತ್ತುತ್ತಿತ್ತು. ಚೈನು ಇದ್ದರೂ ಗೇಣುದ್ದ. ಅಂಬಾಸಿಡರಿನ 1489 ಸಿಸಿ ಬಿಎಂಸಿ ಎಂಜಿನ್‌ನಲ್ಲಿ ಎರಡು ಸ್ಪ್ರಾಕೆಟ್ಟುಗಳ ಚುಕ್ಕಿಗಳು ಎದುರುಬದುರು ಬಂದರೆ ಟೈಮಿಂಗ್ ಕೂತಂತೆ. ಮಾರುತಿ 800ರಲ್ಲಿ ಕ್ಯಾಮ್ ಹೆಡ್ಡಿಗೆ ಏರಿತು, ಆದರೆ ಒಂದೇ ಕ್ಯಾಮ್, ಅದಕ್ಕೆ ರಬ್ಬರ್ ಬೆಲ್ಟು. ಬೆಲ್ಟು ಎಣ್ಣೆಯ ಹೊರಗಿರುತ್ತದೆ, ಪ್ಲಾಸ್ಟಿಕ್ ಕವರ್ ತೆಗೆದರೆ ಕಾಣುತ್ತದೆ, ಗಡುವು ಬಂದಾಗ ಬದಲಾಯಿಸಬೇಕು. ನಮ್ಮ ಎಂಜಿನ್‌ನಲ್ಲಿ ಕ್ಯಾಮ್ ಎರಡಾದವು, ಬೆಲ್ಟಿನ ಜಾಗಕ್ಕೆ ಮತ್ತೆ ಚೈನು ಬಂತು, ಈ ಸಲ ಕ್ರ್ಯಾಂಕಿನಿಂದ ಹೆಡ್ಡಿನ ತುದಿಯವರೆಗೆ ಉದ್ದದ್ದು. ಅದೂ ಎಂಜಿನ್ ಆಯಿಲ್ ಒಳಗೆ, ಅಲ್ಯೂಮಿನಿಯಂ ಕವರಿನ ಹಿಂದೆ. ಒಮ್ಮೆ ಮುಚ್ಚಿದರೆ ಮತ್ತೆ ನೋಡೋಕೆ ಅರ್ಧ ದಿನದ ಕೆಲಸ. ಅದಕ್ಕೇ ಮುಚ್ಚೋ ಮೊದಲು ಎಷ್ಟು ಸಲ ನೋಡಿದರೂ ತಪ್ಪಿಲ್ಲ.

ಈಗ ಕೆಲಸಕ್ಕೆ ಬರೋಣ. ಹೆಡ್ ಬೋಲ್ಟುಗಳು ಬಿಗಿದಾದ ಮೇಲೆ, ಕ್ಯಾಮ್ ಮುಟ್ಟೋ ಮೊದಲು, ಕ್ರ್ಯಾಂಕನ್ನು ಟಿಡಿಸಿಯಿಂದ ಸುಮಾರು 90 ಡಿಗ್ರಿ ತಿರುಗಿಸಿ ಇಡಬೇಕು. ನಾಲ್ಕು ಸಿಲಿಂಡರಿನ ಕ್ರ್ಯಾಂಕ್ ಚಪ್ಪಟೆ: 1 ಮತ್ತು 4 ಮೇಲಿದ್ದರೆ 2 ಮತ್ತು 3 ಕೆಳಗೆ. ತೊಂಬತ್ತು ಡಿಗ್ರಿಯಲ್ಲಿ ನಾಲ್ಕೂ ಪಿಸ್ಟನ್ ಹೆಚ್ಚುಕಡಿಮೆ ಬೋರಿನ ಮಧ್ಯದಲ್ಲಿ ನಿಲ್ಲುತ್ತವೆ. ಆಗ ಕ್ಯಾಮ್ ಬಿಗಿಯುವಾಗ ಯಾವ ವಾಲ್ವು ಎಷ್ಟು ಕೆಳಗಿಳಿದರೂ ತಗಲೋದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ತಿರುಗಿಸಬಹುದು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟಿರುತ್ತಾರೆ, ಅದನ್ನು ನೋಡಿಕೊಳ್ಳಿ. ಸೆಲ್ಫ್ ಹೊಡೆದಾಗ ಮಾತ್ರ ವಾಲ್ವು ಬೆಂಡ್ ಆಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಚೈನಿಲ್ಲದಾಗ ಉದ್ದ ಪಾನಾ ಹಾಕಿ ಕ್ರ್ಯಾಂಕನ್ನೋ ಕ್ಯಾಮನ್ನೋ ಒತ್ತಿ ತಿರುಗಿಸಿದರೂ ಆಗುತ್ತದೆ, ಬೆಂಚ್ ಮೇಲೇ.

ಕ್ಯಾಮ್‌ಶಾಫ್ಟ್ ಕೂರೋ ಜಾಗ ನೋಡಿದರೆ ಅಲ್ಲಿ ಬೇರಿಂಗ್ ಶೆಲ್ ಕಾಣಲ್ಲ. ಕ್ರ್ಯಾಂಕಿಗೆ ಇರುವ ಹಾಗೆ ಬಿಡಿ ಬೇರಿಂಗ್ ಇಲ್ಲಿಲ್ಲ, ಹೆಡ್ಡಿನ ಅಲ್ಯೂಮಿನಿಯಮ್ಮೇ ಬೇರಿಂಗ್. ಮೇಲಿನ ಕ್ಯಾಪ್ ಹಾಕಿ ಬಿಗಿದು, ಎರಡನ್ನೂ ಸೇರಿಸಿ ಫ್ಯಾಕ್ಟರಿಯಲ್ಲಿ ಒಂದೇ ತೂತಾಗಿ ಕೊರೆದಿರುತ್ತಾರೆ. ಹಾಗಾಗಿ ಪ್ರತಿ ಕ್ಯಾಪಿಗೂ ತನ್ನದೇ ಜಾಗ, ತನ್ನದೇ ದಿಕ್ಕು. ಮೇಲೆ ನಂಬರ್, ಇನ್‌ಲೆಟ್ಟೋ ಎಕ್ಸಾಸ್ಟೋ ಅನ್ನೋ ಗುರುತು, ಮುಂದಕ್ಕೆ ತೋರಿಸೋ ಬಾಣ ಇರುತ್ತವೆ. ಅದಲು ಬದಲಾದರೆ ಕ್ಯಾಮ್ ಬಿಗಿಯಾಗುತ್ತದೆ ಅಥವಾ ಎಣ್ಣೆಯ ಪ್ರೆಶರ್ ಸೋರುತ್ತದೆ. ಹೊಸ ಕ್ಯಾಪ್ ಬೇಕು ಅಂತ ಜೆ.ಸಿ. ರೋಡಿಗೆ ಹೋದರೆ ನಮ್ಮ ಹೆಡ್ಡಿಗೆ ಸರಿಹೊಂದೋದು ಸಿಗಲ್ಲ, ಹೊಂದಿಕೊಳ್ಳೋ ಕ್ಯಾಪ್ ಬೇಕಾದರೆ ಹೆಡ್ಡೇ ಬೇಕು. ಆದ್ದರಿಂದ ಬಿಚ್ಚುವಾಗಲೇ ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು, ಬೋಲ್ಟು ಸಮೇತ ಅದರ ಜಾಗದಲ್ಲೇ ಚುಚ್ಚಿಟ್ಟುಬಿಡಿ. ನಾವು ಶೂ ಬಾಕ್ಸಿನ ಮುಚ್ಚಳ ಬಳಸಿದೆವು. ಟ್ಯಾಪೆಟ್‌ಗಳಿಗೂ ಅದೇ ಶಿಸ್ತು.

ಬಟ್ಟೆ ಮತ್ತು ಗಾಳಿ ಹಾಕಿ ಎಣ್ಣೆ ತೂತುಗಳನ್ನು ಸ್ವಚ್ಛ ಮಾಡಿ. ಜರ್ನಲ್‌ಗಳಿಗೆ ಎಂಜಿನ್ ಆಯಿಲ್, ಲೋಬ್‌ಗಳಿಗೆ ಮತ್ತು ಟ್ಯಾಪೆಟ್ಟಿನ ತಲೆಗೆ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಹಚ್ಚಬೇಕು. ಮೊದಲ ಸ್ಟಾರ್ಟಿನಲ್ಲಿ ಪಂಪು ಎಣ್ಣೆಯನ್ನು ಹೆಡ್ಡಿನವರೆಗೆ ತಳ್ಳೋಕೆ ಕೆಲವು ಸೆಕೆಂಡು ಬೇಕು. ಅಷ್ಟು ಹೊತ್ತು ಲೋಬನ್ನು ಕಾಯೋದು ನಾವು ಕೈಯಲ್ಲಿ ಹಚ್ಚಿದ್ದು ಮಾತ್ರ. ಕ್ಯಾಮ್‌ನ ಮೈಯಲ್ಲಿ ಅತಿ ಹೆಚ್ಚು ಒತ್ತಡ ಬೀಳೋದು ಲೋಬಿನ ಮೂಗಿನ ಮೇಲೆ. ಅಲ್ಲಿ ಒಣಗಿ ಉಜ್ಜಿದರೆ ಹೊಸ ಕ್ಯಾಮೂ ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ.

ಕ್ಯಾಪ್ ಬಿಗಿಯೋದು ಈ ಕೆಲಸದ ನಿಧಾನವಾದ ಭಾಗ. ಕ್ಯಾಮನ್ನು ಇಟ್ಟಾಗ ಅದು ಹೆಡ್ಡಿನ ಮೇಲೆ ಸಪಾಟಾಗಿ ಕೂರಲ್ಲ, ಯಾಕಂದರೆ ಯಾವುದೋ ಒಂದೆರಡು ಲೋಬ್ ಕೆಳಮುಖವಾಗಿ ವಾಲ್ವ್ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ. ಒಂದು ತುದಿಯ ಕ್ಯಾಪನ್ನು ಪೂರ್ತಿ ಬಿಗಿದರೆ ಇನ್ನೊಂದು ತುದಿ ಏಳುತ್ತದೆ, ನಡುವೆ ಶಾಫ್ಟು ಬಾಗುತ್ತದೆ. ಕ್ಯಾಮ್ ಬಹಳ ಗಟ್ಟಿ, ಆದರೆ ಬಾಗೋಕೆ ಒಗ್ಗಿದ್ದಲ್ಲ. ತುಂಡಾಗಬಹುದು, ಇಲ್ಲವೇ ಹೆಡ್ಡಿನ ಅಲ್ಯೂಮಿನಿಯಂ ತ್ರೆಡ್ ಕಿತ್ತು ಬರಬಹುದು. ಅದಕ್ಕೇ ಎಲ್ಲಾ ಬೋಲ್ಟುಗಳನ್ನು ಕೈಯಲ್ಲಿ ಹಾಕಿ, ಮಧ್ಯದಿಂದ ಹೊರಕ್ಕೆ, ಒಂದೊಂದಕ್ಕೆ ಅರ್ಧ ಸುತ್ತು, ಮತ್ತೆ ಮಧ್ಯಕ್ಕೆ ಬಂದು ಅರ್ಧ ಸುತ್ತು. ಕ್ಯಾಮ್ ಸಮವಾಗಿ ಇಳಿಯೋದು ಕಣ್ಣಿಗೆ ಕಾಣಬೇಕು. ಮ್ಯಾನುಯಲ್‌ನಲ್ಲಿ ಕ್ರಮಕ್ಕೆ ನಂಬರ್ ಕೊಟ್ಟಿದ್ದರೆ ಅದೇ ಅಂತಿಮ. ಕೊನೆಗೆ ಟಾರ್ಕ್ ರೆಂಚ್. ಇಂಥ ಜಾಗದ 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗೋದು 10 ನ್ಯೂಟನ್ ಮೀಟರ್ ಆಸುಪಾಸು. ಒಂದಡಿ ಉದ್ದದ ಪಾನಾದ ತುದಿಯಲ್ಲಿ ಮೂರೂವರೆ ಕೆಜಿ ತೂಗಿಬಿಟ್ಟಷ್ಟೆ. ನಮ್ಮ ತೋಳಿಗೆ ಅದು ಬಿಗಿ ಅಂತಾನೇ ಅನ್ನಿಸಲ್ಲ, ‘ಇನ್ನೊಂದು ಚೂರು’ ಅನ್ನೋ ಆಸೆ ಬರುತ್ತೆ. ಆ ಚೂರಿನಲ್ಲೇ ತ್ರೆಡ್ ಹೋಗೋದು.

ಚೈನಿಗೆ ಹೋಗೋ ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ ನೋಡಬೇಕು. ಲೋಬಿನ ಬೆನ್ನು ಟ್ಯಾಪೆಟ್ ಮೇಲಿದ್ದಾಗ ನಡುವೆ ಫೀಲರ್ ಗೇಜ್ ತೂರಿಸಿ ಅಳೆಯೋದು, ಎಂಜಿನ್ ತಣ್ಣಗಿದ್ದಾಗ. ಸಾಮಾನ್ಯವಾಗಿ ಇನ್‌ಲೆಟ್‌ಗಿಂತ ಎಕ್ಸಾಸ್ಟಿಗೆ ಹೆಚ್ಚು ಗ್ಯಾಪ್ ಕೊಡುತ್ತಾರೆ, ಅದು ಹೆಚ್ಚು ಬಿಸಿಯಾಗಿ ಹೆಚ್ಚು ಉದ್ದವಾಗುತ್ತದೆ. ಇಲ್ಲಿ ರೀಬಿಲ್ಡ್‌ಗೇ ವಿಶೇಷವಾದ ಒಂದು ವಿಷಯ ಇದೆ. ಲೇತ್‌ನಲ್ಲಿ ವಾಲ್ವ್ ಸೀಟು ಕತ್ತರಿಸಿದಾಗ, ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿದಾಗ ವಾಲ್ವು ಸ್ವಲ್ಪ ಒಳಕ್ಕೆ ಸೇರುತ್ತದೆ. ಒಳಕ್ಕೆ ಸೇರಿದರೆ ಅದರ ಬಾಲ ಮೇಲಕ್ಕೆ ಬರುತ್ತದೆ, ಗ್ಯಾಪು ಕಡಿಮೆಯಾಗುತ್ತದೆ. ಅಂದರೆ ಚೆನ್ನಾಗಿ ಹೆಡ್ ಕೆಲಸ ಮಾಡಿಸಿದಷ್ಟೂ ಟ್ಯಾಪೆಟ್ ಬಿಗಿಯಾಗುತ್ತೆ. ಗ್ಯಾಪಿಲ್ಲದ ವಾಲ್ವು ಸದ್ದು ಮಾಡಲ್ಲ, ಕೇಳೋಕೆ ಎಂಜಿನ್ ಹಿತವಾಗಿಯೇ ಇರುತ್ತದೆ. ಬಿಸಿಯಾದಾಗ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರಲ್ಲ, ತನ್ನ ಬಿಸಿಯನ್ನು ಸೀಟಿಗೆ ದಾಟಿಸೋಕೆ ಆಗಲ್ಲ, ಅಂಚು ಸುಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ಶಿಮ್ ಬದಲಾಯಿಸಿ ಗ್ಯಾಪ್ ಸರಿಮಾಡುತ್ತಾರೆ, ಕೆಲವದರಲ್ಲಿ ಟ್ಯಾಪೆಟ್ಟೇ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಎರಡರಲ್ಲೂ ಸಾಮಾನ್ಯವಾಗಿ ಕ್ಯಾಮನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಬೇಜಾರು ನಿಜ, ಆದರೆ ಚೈನು ಹಾಕಿದ ಮೇಲೆ ಬಿಚ್ಚೋದಕ್ಕಿಂತ ಈಗಲೇ ವಾಸಿ.

ಕ್ಯಾಮ್ ಸ್ಪ್ರಾಕೆಟ್ಟಿನ ಗುರುತುಗಳನ್ನು ಹೆಡ್ಡಿನ ಗುರುತುಗಳಿಗೆ ಹೊಂದಿಸಿ, ಆಮೇಲೆ ಕ್ರ್ಯಾಂಕನ್ನು ಒಂದನೇ ಸಿಲಿಂಡರಿನ ಟಿಡಿಸಿಗೆ ತನ್ನಿ. ಕ್ಯಾಮ್ ತಿರುಗಿಸೋಕೆ ಶಾಫ್ಟಿನ ಮೇಲೇ ಆರು ಮೂಲೆಯ ಜಾಗ ಇದ್ದರೆ ಅಲ್ಲಿಗೆ ಪಾನಾ ಹಾಕಿ. ಬೆರಳು ಹುಷಾರು: ಲೋಬಿನ ಮೂಗು ದಾಟಿದ ಕೂಡಲೇ ಸ್ಪ್ರಿಂಗ್ ಕ್ಯಾಮನ್ನು ಟಪ್ ಅಂತ ತಳ್ಳಿಬಿಡುತ್ತದೆ.

ಇಲ್ಲಿ ಗುರುತುಗಳನ್ನು ಸುಮ್ಮನೆ ನಂಬಬೇಡಿ, ಯಾಕೆ ಅಲ್ಲಿವೆ ಅಂತ ಲೋಬ್ ನೋಡಿ ಅರ್ಥ ಮಾಡಿಕೊಳ್ಳಿ. ಫೈರಿಂಗ್ ಆರ್ಡರ್ 1-3-4-2. ಒಂದನೇ ಸಿಲಿಂಡರ್ ಕಂಪ್ರೆಷನ್ ಟಿಡಿಸಿಯಲ್ಲಿ ಇದ್ದರೆ ಅದರ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಮುಚ್ಚಿರಬೇಕು, ಅದರ ಲೋಬ್‌ಗಳ ಮೂಗು ಟ್ಯಾಪೆಟ್ ಕಡೆಗೆ ಇರಬಾರದು. ಅದೇ ಹೊತ್ತಿಗೆ ನಾಲ್ಕನೇ ಪಿಸ್ಟನ್ನೂ ಮೇಲೇ ಇದೆ, ಆದರೆ ಅದು ಎಕ್ಸಾಸ್ಟ್ ಮುಗಿಸಿ ಇನ್‌ಲೆಟ್ ಶುರು ಮಾಡುವ ಓವರ್‌ಲ್ಯಾಪಿನಲ್ಲಿದೆ. ಅಲ್ಲಿ ಒಂದು ಲೋಬ್ ಇನ್ನೇನು ಬಿಡುತ್ತಿದೆ, ಇನ್ನೊಂದು ಇನ್ನೇನು ಹಿಡಿಯುತ್ತಿದೆ. ಕ್ಯಾಮ್‌ಗಳು ಕ್ರ್ಯಾಂಕಿನೊಂದಿಗೆ ಸೇರಿ ಚೂರು ಹಿಂದೆ ಮುಂದೆ ಆಡಿದರೆ ಆ ಎರಡು ಜೊತೆ ವಾಲ್ವುಗಳು ತೊಟ್ಟಿಲ ಹಾಗೆ ಅತ್ತಿತ್ತ ಆಡುತ್ತವೆ. ಗುರುತು ಅಳಿಸಿಹೋದ ಹಳೆ ಎಂಜಿನ್‌ನಲ್ಲೂ ಈ ಪರೀಕ್ಷೆ ನಡೆಯುತ್ತದೆ. ಲ್ಯಾಬ್ ರೆಕಾರ್ಡಿನ ಆ ಚಿತ್ರ ನಮಗೆ ನಿಜವಾಗಿ ತಲೆಗೆ ಹೋದದ್ದು ನಾಲ್ಕನೇ ಸಿಲಿಂಡರ್ ಮೇಲೆ ಟಾರ್ಚ್ ಹಿಡಿದು ನಿಂತಾಗ.

ಚೈನಿನಲ್ಲಿ ಬಣ್ಣದ ಕೊಂಡಿಗಳು ಇರುತ್ತವೆ. ಒಂದೊಂದು ಕ್ಯಾಮಿಗೆ ಒಂದು, ಕ್ರ್ಯಾಂಕಿಗೆ ಬೇರೆ ಬಣ್ಣದ್ದು ಇನ್ನೊಂದು. ಯಾವ ಬಣ್ಣ ಯಾವುದಕ್ಕೆ ಅನ್ನೋದು ಮ್ಯಾನುಯಲ್‌ನಲ್ಲಿ. ಬಣ್ಣದ ಕೊಂಡಿ ಸ್ಪ್ರಾಕೆಟ್ಟಿನ ಗುರುತಿನ ಹಲ್ಲಿನ ಮೇಲೆ ಕೂರಬೇಕು. ಕೂರಿಸುವಾಗ ಸಡಿಲ ಎಲ್ಲಿ ಉಳಿಯುತ್ತದೆ ಅನ್ನೋದು ಮುಖ್ಯ. ಎಂಜಿನ್ ಮುಂದೆ ನಿಂತು ನೋಡಿದರೆ ಕ್ರ್ಯಾಂಕು ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅದು ಚೈನನ್ನು ಬಲಗಡೆಯಿಂದ ತನ್ನ ಕಡೆಗೆ ಎಳೆದುಕೊಂಡು ಎಡಗಡೆಯಿಂದ ಮೇಲಕ್ಕೆ ಬಿಡುತ್ತದೆ. ಆದ್ದರಿಂದ ಬಲಗಡೆಯ ಓಟ ಯಾವಾಗಲೂ ಬಿಗಿ, ಅಲ್ಲಿ ಅಲ್ಲಾಡದ ಗೈಡ್. ಎಡಗಡೆ ಸಡಿಲ, ಅಲ್ಲಿ ಟೆನ್ಷನರ್ ಒತ್ತುವ ಗೈಡ್. ಚೈನು ಹಾಕುವಾಗಲೂ ಬಲಗಡೆ ಮತ್ತು ಎರಡು ಕ್ಯಾಮ್‌ಗಳ ನಡುವೆ ಒಂದಿಷ್ಟೂ ಸಡಿಲ ಇರಬಾರದು, ಉಳಿದ ಸಡಿಲವೆಲ್ಲ ಎಡಕ್ಕೆ ಬರಬೇಕು. ಬಲಗಡೆ ಸಡಿಲ ಬಿಟ್ಟು ಬಣ್ಣ ಹೊಂದಿಸಿದರೆ ಫೋಟೋದಲ್ಲಿ ಎಲ್ಲಾ ಸರಿ ಕಾಣುತ್ತದೆ. ಕ್ರ್ಯಾಂಕ್ ತಿರುಗಿದ ಕೂಡಲೇ ಆ ಸಡಿಲ ಎಡಕ್ಕೆ ಹರಿದು ಕ್ಯಾಮ್ ಅಷ್ಟು ಹಿಂದೆ ಬೀಳುತ್ತದೆ.

ಟೆನ್ಷನರ್ ಅಂದರೆ ಒಂದು ಸಣ್ಣ ಸಿಲಿಂಡರ್, ಒಳಗೆ ಸ್ಪ್ರಿಂಗು, ಹಿಂದಿನಿಂದ ಎಂಜಿನ್ ಆಯಿಲಿನ ಪ್ರೆಶರ್, ಹಿಂದಕ್ಕೆ ಸರಿಯದ ಹಾಗೆ ಹಲ್ಲಿನ ರ‍್ಯಾಚೆಟ್. ಅದನ್ನು ಒತ್ತಿ ಒಳಕ್ಕೆ ತಳ್ಳಿ, ತೂತಿಗೆ ಒಂದು ಪಿನ್ ಹಾಕಿ ಬೋಲ್ಟ್ ಮಾಡಬೇಕು, ಆಮೇಲೆ ಪಿನ್ ಎಳೆಯಬೇಕು. ಪಿನ್ ಅಂದರೆ ಸ್ಪೆಷಲ್ ಟೂಲ್ ಏನಲ್ಲ, ಸಣ್ಣ ಎಲ್ ಕೀ ಸಾಕು. ಆ ಪಿನ್ನಿಗೆ ಕೆಂಪು ದಾರ ಕಟ್ಟಿ, ಕವರ್ ಮುಚ್ಚೋ ಮೊದಲು ದಾರ ಕೈಯಲ್ಲಿದೆಯಾ ಅಂತ ನೋಡಿ. ಪಿನ್ ಎಳೆದ ಮೇಲೆ ಗೈಡು ಮುಂದೆ ಬಂದು ಚೈನು ಬಿಗಿಯಾಗಬೇಕು. ಬರದಿದ್ದರೆ ಸಿಕ್ಕಿಕೊಂಡಿದೆ ಅಂತ ಅರ್ಥ.

ಹಳೆಯ ಚೈನನ್ನೇ ಮತ್ತೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ, ಯಾಕಂದರೆ ಕಣ್ಣಿಗೆ ಅದು ಹೊಸದರ ಹಾಗೇ ಇರುತ್ತದೆ. ಚೈನು ‘ಹಿಗ್ಗಿದೆ’ ಅನ್ನುತ್ತಾರಲ್ಲ, ಅಲ್ಲಿ ಪ್ಲೇಟುಗಳೇನೂ ರಬ್ಬರಿನ ಹಾಗೆ ಉದ್ದವಾಗಿರಲ್ಲ. ಪ್ರತಿ ಕೊಂಡಿಯ ಪಿನ್ನೂ ಅದು ಆಡುವ ತೂತೂ ಸವೆದಿರುತ್ತವೆ. ಒಂದು ಕೀಲಿನಲ್ಲಿ 0.05 ಮಿ.ಮೀ. ಸವೆದರೆ 122 ಕೊಂಡಿಯ ಚೈನು ಒಟ್ಟು 6.1 ಮಿ.ಮೀ. ಉದ್ದವಾಗುತ್ತದೆ. ಬಲಗಡೆಯ ಬಿಗಿ ಓಟದಲ್ಲಿ ಅದರಲ್ಲಿ 40 ಕೊಂಡಿ ಇದ್ದರೆ ಅಲ್ಲಿ 2 ಮಿ.ಮೀ. ಚೈನಿನ ಪಿಚ್ 8 ಮಿ.ಮೀ. ಆದರೆ 36 ಹಲ್ಲಿನ ಸ್ಪ್ರಾಕೆಟ್ಟಿನ ಸುತ್ತಳತೆ 288 ಮಿ.ಮೀ., ಅಂದರೆ ಡಿಗ್ರಿಗೆ 0.8 ಮಿ.ಮೀ. ಭಾಗಿಸಿ ನೋಡಿ: ಕ್ಯಾಮ್ ಎರಡೂವರೆ ಡಿಗ್ರಿ ಹಿಂದೆ, ಕ್ರ್ಯಾಂಕ್ ಲೆಕ್ಕದಲ್ಲಿ 5 ಡಿಗ್ರಿ. ಒಂದು ಹಲ್ಲೂ ತಪ್ಪದೆ ಕಾಲು ಹಲ್ಲಿನಷ್ಟು ಟೈಮಿಂಗ್ ಹೋಯಿತು. ಟೆನ್ಷನರ್ ಎಡಗಡೆಯ ಸಡಿಲವನ್ನು ನುಂಗಬಲ್ಲದು, ಬಲಗಡೆ ಉದ್ದವಾದದ್ದನ್ನು ಅದು ಮುಟ್ಟಲ್ಲ. ಸವೆತಕ್ಕೆ ದೊಡ್ಡ ಕಾರಣ ಕೊಳಕು ಎಣ್ಣೆ. ಚೈನಿಗೆ ಗಡುವಿಲ್ಲ, ಎಂಜಿನ್ ಇರೋವರೆಗೂ ಬರುತ್ತೆ ಅಂತ ಹೇಳುವವರು ಎಣ್ಣೆ ಟೈಮಿಗೆ ಬದಲಾಯಿಸುವವರ ಬಗ್ಗೆ ಮಾತ್ರ ಮಾತಾಡುತ್ತಿದ್ದಾರೆ. ಹೆಡ್ ಬಿಚ್ಚಿದ ಮೇಲೆ ಚೈನು, ಗೈಡು, ಟೆನ್ಷನರ್ ಕಿಟ್ಟನ್ನೇ ಹೊಸದಾಗಿ ಹಾಕೋದು ನಮ್ಮ ಪ್ರಕಾರ ಚೌಕಾಸಿ ಮಾಡಬಾರದ ಖರ್ಚು.

ಪಿನ್ ಎಳೆದು, ಫೋಟೋ ತೆಗೆದು ಆಯಿತು. ಈಗ ಸ್ಪಾರ್ಕ್ ಪ್ಲಗ್‌ಗಳು ಹೊರಗಿರುವಾಗಲೇ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲಿ ನಿಧಾನವಾಗಿ ಎರಡು ಪೂರ್ತಿ ಸುತ್ತು, ಗಡಿಯಾರದ ದಿಕ್ಕಿಗೆ ಮಾತ್ರ. ಸ್ಪ್ರಿಂಗುಗಳಿಂದ ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಹಗುರ ಅನ್ನಿಸುತ್ತದೆ, ಅದು ಸರಿ. ಗೋಡೆಗೆ ತಗಲಿದ ಹಾಗೆ ಗಟ್ಟಿಯಾಗಿ ನಿಂತರೆ ನೀವೂ ಅಲ್ಲೇ ನಿಲ್ಲಿಸಿ. ಉದ್ದ ಪೈಪು ಹುಡುಕಬೇಡಿ. ಸೆಲ್ಫ್ ಮೋಟಾರಿಗೂ ನಮ್ಮ ಕೈಗೂ ವ್ಯತ್ಯಾಸ ಇಷ್ಟೇ, ಕೈಗೆ ನಿಲ್ಲಬೇಕು ಅಂತ ಗೊತ್ತಾಗುತ್ತದೆ.

ಎರಡು ಸುತ್ತಾದ ಮೇಲೆ ನೋಡಿದರೆ ಬಣ್ಣದ ಕೊಂಡಿಗಳು ಎಲ್ಲೋ ಹೋಗಿರುತ್ತವೆ. ಹೊಸಬರು ಗಾಬರಿಯಾಗೋದು ಇಲ್ಲೇ. ಕೆಲವರು ಚೈನು ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಲೆಕ್ಕ ಹಾಕಿ: ಕ್ರ್ಯಾಂಕಿನ ಒಂದು ಸುತ್ತಿಗೆ 18 ಕೊಂಡಿ ಮುಂದೆ ಹೋಗುತ್ತವೆ, ಚೈನಿನಲ್ಲಿರೋದು 122. 18ರ ಗುಣಕ 122ರ ಗುಣಕವೂ ಆಗಬೇಕಾದರೆ ಕನಿಷ್ಠ 61 ಸುತ್ತು ಬೇಕು. 61 ಬೆಸ ಸಂಖ್ಯೆ, ಆಗ ಕ್ಯಾಮ್ ಅರ್ಧ ಸುತ್ತಿನಲ್ಲಿ ನಿಂತಿರುತ್ತದೆ. ಹಾಗಾಗಿ ಮೂರೂ ಬಣ್ಣ, ಮೂರೂ ಗುರುತು ಮತ್ತೆ ಒಟ್ಟಿಗೆ ಸೇರೋದು 122ನೇ ಸುತ್ತಿನಲ್ಲಿ. ನಿಮ್ಮ ಎಂಜಿನ್ನಿನ ಹಲ್ಲು, ಕೊಂಡಿ ಎಣಿಸಿ ನಿಮ್ಮ ಲ.ಸಾ.ಅ. ನೀವೇ ತೆಗೆಯಿರಿ; ಏಳನೇ ಕ್ಲಾಸಿನ ಗಣಿತಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂತ ನಮಗೆ ಖುಷಿಯಾಯಿತು. ಬಣ್ಣದ ಕೊಂಡಿ ಇರೋದು ಜೋಡಿಸುವ ಆ ಒಂದು ಸಲಕ್ಕೆ. ತಿರುಗಿಸಿದ ಮೇಲೆ ನೋಡಬೇಕಾದದ್ದು ಕ್ರ್ಯಾಂಕಿನ ಕೀ ಟಿಡಿಸಿಯಲ್ಲಿ ಇದೆಯಾ, ಎರಡೂ ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಹೆಡ್ಡಿನ ಗುರುತಿಗೆ ಬಂದಿವೆಯಾ, ನಾಲ್ಕನೇ ಸಿಲಿಂಡರ್ ತೊಟ್ಟಿಲಾಡುತ್ತಿದೆಯಾ. ಇನ್ನೂ ಅನುಮಾನವಿದ್ದರೆ ಎರಡು ಕ್ಯಾಮ್ ಗುರುತುಗಳ ನಡುವೆ ಎಷ್ಟು ಕೊಂಡಿ ಇವೆ ಅಂತ ಎಣಿಸಿ, ತಿರುಗಿಸುವ ಮೊದಲು ತೆಗೆದ ಫೋಟೋದಲ್ಲಿ ಬಣ್ಣದ ಕೊಂಡಿಗಳ ನಡುವೆ ಇದ್ದಷ್ಟೇ ಇರಬೇಕು.

ವೇರಿಯಬಲ್ ವಾಲ್ವ್ ಟೈಮಿಂಗ್ ಇರುವ ಎಂಜಿನ್ ಆದರೆ ಇನ್ನೊಂದು ಎಚ್ಚರ. ಅಲ್ಲಿ ಇನ್‌ಲೆಟ್ ಸ್ಪ್ರಾಕೆಟ್ಟೇ ಎಣ್ಣೆಯ ಪ್ರೆಶರ್‌ನಿಂದ ಕ್ಯಾಮಿನ ಮೇಲೆ ತಿರುಗಬಲ್ಲದು. ಜೋಡಿಸುವಾಗ ಅದು ತನ್ನ ಮೂಲ ಜಾಗದಲ್ಲಿ ಲಾಕ್ ಆಗಿರಬೇಕು. ಇಲ್ಲದಿದ್ದರೆ ಗುರುತು ಸರಿ ಇದ್ದೂ ಟೈಮಿಂಗ್ ತಪ್ಪುತ್ತದೆ.

ಕವರ್ ಮುಚ್ಚೋದು ಇನ್ನು ಸಲೀಸು: ಹಳೆಯ ಸೀಲೆಂಟ್ ಪೂರ್ತಿ ಕೆರೆದು, ಹೊಸದನ್ನು ತೆಳ್ಳಗೆ ಎಳೆದು, ಕ್ರ್ಯಾಂಕ್ ಆಯಿಲ್ ಸೀಲ್ ಹೊಸದು ಹಾಕಿ. ಸೀಲೆಂಟ್ ದಪ್ಪಗೆ ಹಚ್ಚಿದರೆ ಹೆಚ್ಚಿದ್ದು ಒಳಕ್ಕೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದ ಮೇಲೆ ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಟರ್ ಬಿಚ್ಚಿಟ್ಟು, ಪ್ಲಗ್ ಇಲ್ಲದೆ, ಆಯಿಲ್ ದೀಪ ಆರೋವರೆಗೆ ಸೆಲ್ಫ್ ಹೊಡೆಯಿರಿ, ಐದೈದು ಸೆಕೆಂಡು, ನಡುವೆ ಬಿಡುವು. ಹಾಗೇ ಕಂಪ್ರೆಷನ್ ಗೇಜನ್ನೂ ಹಾಕಿ ನೋಡಿ. ನಾಲ್ಕೂ ಸಿಲಿಂಡರ್ ಸಮವಾಗಿ ಕಡಿಮೆ ಇದ್ದರೆ ಟೈಮಿಂಗ್ ಮೇಲೆ ಅನುಮಾನ ಪಡಿ, ಒಂದೇ ಕಡಿಮೆ ಇದ್ದರೆ ಆ ಸಿಲಿಂಡರಿನ ವಾಲ್ವೋ ರಿಂಗೋ.

ಆಮೇಲೆ ಎಲ್ಲಾ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ಟೆನ್ಷನರಿಗೆ ಎಣ್ಣೆ ತುಂಬೋವರೆಗೆ ಮುಂದಿನ ಕವರಿನಿಂದ ಗಲಗಲ ಸದ್ದು ಬರುತ್ತದೆ. ನಮ್ಮ ಎಂಜಿನ್‌ನಲ್ಲಿ ಎರಡು ಸೆಕೆಂಡು ಬಂದು ನಿಂತಿತು. ನಿಲ್ಲದಿದ್ದರೆ ಎಂಜಿನ್ ಆಫ್ ಮಾಡಿ. ಬಿಸಿಯಾದ ಮೇಲೆ ಸ್ಕ್ಯಾನರ್ ಚುಚ್ಚಿ ಕೋಡ್ ಓದಿ. ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆಯಾಗುತ್ತಿಲ್ಲ ಅಂತ ಇಸಿಯು ಹೇಳುವ ಕೋಡು ಪಿ0016. ನಮ್ಮದರಲ್ಲಿ ಅದು ಬರಲಿಲ್ಲ. ಎಂಜಿನ್ ಈಗ ವರ್ಕ್‌ಶಾಪಿನ ಸ್ಟ್ಯಾಂಡ್ ಮೇಲೆ ಓಡುವ ಸ್ಥಿತಿಯಲ್ಲಿದೆ. ಬಿಚ್ಚಿದ ಬೆಂಡ್ ವಾಲ್ವುಗಳನ್ನು ಪಕ್ಕದ ಟ್ರೇನಲ್ಲಿ ಇಟ್ಟಿದ್ದೇವೆ. ಒಂದನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿರೋದು ಎಷ್ಟು ಸ್ವಲ್ಪ ಅಂತ ಕಾಣುತ್ತದೆ.